ಕಿವಿ ಆಪರೇಷನ್‌ಗೆ ಮುಂಚೆ ಸಿಟಿ ಸ್ಕ್ಯಾನ್: ರಿಪೋರ್ಟ್ ಓದಿ ಹೆದರಿದವರಿಗೆ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ನಮ್ಮದು ಹಾವೇರಿ ಕಡೆಯ ಹಳ್ಳಿ. ಚಿಕ್ಕಂದಿನಿಂದ ಅವನ ಎಡಗಿವಿ ಸೋರುತ್ತದೆ, ಕೆಟ್ಟ ವಾಸನೆ ಇರುತ್ತದೆ. ಮೊದಲು ತೋರಿಸಿದ ಡಾಕ್ಟರು ಮೈಕ್ರೋಸ್ಕೋಪ್‌ನಲ್ಲಿ ನೋಡಿ, "ಇದು ಕೊಲೆಸ್ಟಿಯಟೋಮಾ, ಆಪರೇಷನ್ ಆಗಲೇಬೇಕು, ಸ್ಕ್ಯಾನ್ ಬೇಡ" ಅಂದರು. ಎರಡನೆಯವರು ಎಚ್‌ಆರ್‌ಸಿಟಿ ಬರೆದುಕೊಟ್ಟರು. ಎಚ್‌ಆರ್‌ಸಿಟಿ ಅಂದರೆ ಕೋವಿಡ್‌ನಲ್ಲಿ ಎದೆಗೆ ಮಾಡಿದ್ದು ಅಂತ ಮಾತ್ರ ನಮಗೆ ಗೊತ್ತು. ರಿಪೋರ್ಟ್‌ನಲ್ಲಿ ಆಟಿಕ್ ಮತ್ತು ಆಂಟ್ರಮ್‌ನಲ್ಲಿ ಸಾಫ್ಟ್ ಟಿಶ್ಯೂ ಡೆನ್ಸಿಟಿ, ಸ್ಕ್ಯೂಟಮ್ ಸವೆದಿದೆ, ಇಂಕಸ್‌ನ ಉದ್ದ ಕಾಲು ಕಾಣುತ್ತಿಲ್ಲ, ಲ್ಯಾಟರಲ್ ಸೆಮಿಸರ್ಕ್ಯುಲರ್ ಕೆನಾಲ್ ಮೇಲಿನ ಮೂಳೆ ತೆಳುವಾಗಿದೆ, ಫೇಶಿಯಲ್ ಕೆನಾಲ್ ತೆರೆದಿರಬಹುದು, ಎಂಆರ್‌ಐ ಜೊತೆ ಹೋಲಿಸಿ ನೋಡುವುದು ಎಂದಿದೆ. ಇದು ಗಡ್ಡೆಯೇ? ಕ್ಯಾನ್ಸರೇ? ಎಂಆರ್‌ಐ ಮಾಡಿಸಬೇಕೇ? ಇನ್ನೊಂದು ವಿಷಯ. ಶ್ರವಣ ಪರೀಕ್ಷೆಯಲ್ಲಿ ಎಡಗಿವಿಗೆ 30 ಡೆಸಿಬಲ್ ನಷ್ಟ ಮಾತ್ರ ಬಂದಿದೆ. ಕೇಳಿಸುತ್ತಿರುವ ಕಿವಿಗೆ ಆಪರೇಷನ್ ಯಾಕೆ ಅಂತ ಅಪ್ಪ ಕೇಳುತ್ತಿದ್ದಾರೆ.

ಉತ್ತರ: ಮೊದಲು ಕ್ಯಾನ್ಸರ್ ಭಯ ಬಿಡಿ. ಕೊಲೆಸ್ಟಿಯಟೋಮಾ ಅನ್ನುವುದು 1838ರಲ್ಲಿ ಜರ್ಮನಿಯ ಯೋಹಾನ್ನೆಸ್ ಮ್ಯುಲರ್ ಇಟ್ಟ ಹೆಸರು. ಕೇಳಿದರೆ ಕೊಲೆಸ್ಟ್ರಾಲ್ ತುಂಬಿದ ಗಡ್ಡೆ ಅನ್ನಿಸುತ್ತದೆ. ನಿಜದಲ್ಲಿ ಅದು ಕೊಲೆಸ್ಟ್ರಾಲೂ ಅಲ್ಲ, ಗಡ್ಡೆಯೂ ಅಲ್ಲ. ಇರಬಾರದ ಜಾಗಕ್ಕೆ ಹೋಗಿ ಕೂತ ಚರ್ಮ, ಅಷ್ಟೇ. ಕಿವಿತಮಟೆಯ ಮೇಲ್ಭಾಗ ವರ್ಷಗಟ್ಟಲೆ ಒಳಕ್ಕೆ ಜಗ್ಗಿಕೊಂಡು ಸಣ್ಣ ಚೀಲದಂತಾಗುತ್ತದೆ. ಚರ್ಮ ಎಲ್ಲಿದ್ದರೂ ಪೊರೆ ಬಿಡುತ್ತಲೇ ಇರುತ್ತದೆ. ಕೈಮೇಲಿನದು ಸ್ನಾನ ಮಾಡುವಾಗ ಉದುರಿ ಹೋಗುತ್ತದೆ. ಚೀಲದೊಳಗಿನದು ಹೋಗುವುದಾದರೂ ಎಲ್ಲಿಗೆ? ಈರುಳ್ಳಿ ಸಿಪ್ಪೆಯ ಹಾಗೆ ಪದರದ ಮೇಲೆ ಪದರ ತುಂಬಿಕೊಳ್ಳುತ್ತದೆ, ಅದಕ್ಕೆ ಸೋಂಕು ತಗಲುತ್ತದೆ, ನಾತ ಹೊಡೆಯುತ್ತದೆ. ಇದರ ನಿಜವಾದ ಕಾಟ ಬೇರೆಯೇ ಇದೆ. ಈ ಚೀಲ ತನ್ನ ಸುತ್ತಲಿನ ಮೂಳೆಯನ್ನು ಮೆಲ್ಲಗೆ ಕರಗಿಸುತ್ತಾ ಹೋಗುತ್ತದೆ. ನಡುಗಿವಿಯ ಸುತ್ತಲಿನ ಮೂಳೆಯ ಆಚೆ ಮಿದುಳಿದೆ, ಮುಖದ ನರವಿದೆ, ಸಮತೋಲನದ ಅಂಗವಿದೆ, ಮಿದುಳಿನಿಂದ ರಕ್ತ ಇಳಿದು ಬರುವ ದೊಡ್ಡ ಸಿರೆಯಿದೆ.

ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಈ ಆಪರೇಷನ್ ಮೊದಲನೆಯದಾಗಿ ಕಿವಿಯನ್ನು ರೋಗದಿಂದ ಬಿಡಿಸಿ ಅಪಾಯ ತಪ್ಪಿಸಲು. ಕೇಳಿಸುವಿಕೆ ಎರಡನೆಯ ಮಾತು. ಉಳಿದರ್ಧ ಉತ್ತರಕ್ಕೆ ಆಮೇಲೆ ಬರುತ್ತೇನೆ, ಅದು ನಿಮ್ಮ ರಿಪೋರ್ಟ್‌ನಲ್ಲೇ ಅಡಗಿದೆ.

ಇಬ್ಬರು ಡಾಕ್ಟರುಗಳಲ್ಲಿ ಯಾರು ಸರಿ? ಮೊದಲನೆಯವರು ಹೇಳಿದ ರೋಗ ಸರಿ, ಎರಡನೆಯವರು ಬರೆದ ಸ್ಕ್ಯಾನ್ ಸರಿ. ಇದು ಇಬ್ಬರನ್ನೂ ಒಲಿಸಿಕೊಳ್ಳುವ ಮಾತಲ್ಲ. ಆಪರೇಷನ್ ಬೇಕೋ ಬೇಡವೋ ಅಂತ ತೀರ್ಮಾನವಾಗುವುದು ಮೈಕ್ರೋಸ್ಕೋಪ್ ಅಥವಾ ಎಂಡೋಸ್ಕೋಪ್ ಕೆಳಗೆ, ಕಿವಿಯನ್ನು ಚೆನ್ನಾಗಿ ಹೀರಿ ಸ್ವಚ್ಛ ಮಾಡಿ ನೋಡಿದಾಗ. ತಮಟೆಯ ಮೇಲ್ಭಾಗದಲ್ಲಿ ಗುಳಿಬಿದ್ದ ಚೀಲ, ಅದರೊಳಗೆ ಮುತ್ತಿನಂಥ ಬಿಳಿ ಪೊರೆ ಕಂಡಿತು ಅಂದರೆ ರೋಗ ಪತ್ತೆಯಾಯಿತು. ಅದಕ್ಕೆ ಸ್ಕ್ಯಾನ್‌ನ ಸಾಕ್ಷಿ ಬೇಕಿಲ್ಲ. ಸ್ಕ್ಯಾನ್ ಬೇಕಾಗುವುದು ಅದರ ಮುಂದಿನ ಪ್ರಶ್ನೆಗೆ: ಒಳಗೆ ಹೋಗುವ ದಾರಿ ಹೇಗಿದೆ, ಎಲ್ಲಿ ಗೋಡೆ ಬಿದ್ದಿದೆ, ಎಲ್ಲಿ ಡ್ರಿಲ್ ನಿಧಾನ ಮಾಡಬೇಕು?

ಒಂದು ಕಾಲದಲ್ಲಿ ಇದಕ್ಕೆ ನಮ್ಮ ಬಳಿ ಇದ್ದದ್ದು ಮಾಸ್ಟಾಯ್ಡ್ ಎಕ್ಸ್‌ರೇ ಮಾತ್ರ. ತಲೆಯನ್ನು ಓರೆಯಾಗಿಟ್ಟು ತೆಗೆಯುವ ಷ್ಯೂಲರ್ ವ್ಯೂ. ಕಿವಿಯ ಹಿಂದಿನ ಮೂಳೆಯಲ್ಲಿ ಗಾಳಿಗೂಡುಗಳು ಇವೆಯೋ ಇಲ್ಲವೋ ಅಂತ ಅದರಲ್ಲಿ ತಿಳಿಯುತ್ತಿತ್ತು, ಮಿಕ್ಕದ್ದೆಲ್ಲ ಊಹೆ. ನಾನು ಹೊಸದಾಗಿ ಕಿವಿ ಆಪರೇಷನ್ ಮಾಡಲು ತೊಡಗಿದ ದಿನಗಳಲ್ಲಿ ಆ ಎಕ್ಸ್‌ರೇ ಒಂದನ್ನೇ ನಂಬಿ ಒಂದು ಕಿವಿ ತೆರೆದಿದ್ದೆ. ಸಿಗ್ಮಾಯ್ಡ್ ಸೈನಸ್ ಅನ್ನುವ ಆ ದೊಡ್ಡ ಸಿರೆ ಇರಬೇಕಾದ ಜಾಗಕ್ಕಿಂತ ತೀರಾ ಮುಂದಕ್ಕೆ ಬಂದಿತ್ತು. ಡ್ರಿಲ್ ತಾಗಿದ್ದೇ ತಡ, ಮೈಕ್ರೋಸ್ಕೋಪ್‌ನಲ್ಲಿ ಕಪ್ಪು ರಕ್ತ ಬಿಟ್ಟರೆ ಬೇರೇನೂ ಕಾಣಲಿಲ್ಲ. ಬೆರಳಿಟ್ಟು ಒತ್ತಿ ಹಿಡಿದು ರಕ್ತ ನಿಲ್ಲಿಸಿದೆವು, ರೋಗಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಸಿಟಿಯಲ್ಲಿ ಅದು ಎದ್ದು ಕಾಣುತ್ತಿತ್ತು. ಹಾಗಾಗಿ ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ. ಕೊಲೆಸ್ಟಿಯಟೋಮಾ ಇರುವ ಕಿವಿಗೆ ಸಿಟಿ ಇಲ್ಲದೆ ನಾನು ಕೈ ಹಾಕುವುದಿಲ್ಲ. ಸ್ಕ್ಯಾನ್ ಇಲ್ಲದೆಯೇ ಸಾವಿರಾರು ಕಿವಿಗಳನ್ನು ಚೆನ್ನಾಗಿ ಮಾಡಿದ ಹಿರಿಯರಿದ್ದಾರೆ, ಅವರ ಕೈಗುಣಕ್ಕೆ ಕೈ ಮುಗಿಯುತ್ತೇನೆ. ಆದರೆ ಈಗ ನಕ್ಷೆ ಸಿಗುತ್ತಿರುವಾಗ ನಕ್ಷೆ ಇಲ್ಲದೆ ಕಾಡಿಗೆ ಇಳಿಯುವುದೇಕೆ?

ಹಾಗಂತ ಕಿವಿ ಸೋರುವವರೆಲ್ಲ ಸ್ಕ್ಯಾನ್ ಮಾಡಿಸಬೇಕಿಲ್ಲ. ತಮಟೆಯ ನಡುವೆ ತೂತು, ನೆಗಡಿಯಾದಾಗ ಮಾತ್ರ ವಾಸನೆಯಿಲ್ಲದ ಲೋಳೆ ಸೋರುವುದು, ಉಳಿದಂತೆ ಒಣಗಿರುವುದು, ಇದನ್ನು ನಮ್ಮಲ್ಲಿ 'ಸೇಫ್ ಕಿವಿ' ಅನ್ನುತ್ತೇವೆ. ಅಂಥ ಕಿವಿಯ ತಮಟೆಗೆ ತೇಪೆ ಹಾಕಲು ಸಾಮಾನ್ಯವಾಗಿ ಸಿಟಿ ಬೇಡ. ನಿಮ್ಮ ತಮ್ಮನದು 'ಅನ್‌ಸೇಫ್' ಜಾತಿಯದು.

ಎಚ್‌ಆರ್‌ಸಿಟಿ ಅಂದರೆ ಬರೀ ಎದೆಯದ್ದಲ್ಲ. ತುಂಬ ತೆಳುವಾದ ಸ್ಲೈಸ್‌ಗಳಲ್ಲಿ ತೆಗೆಯುವ ಸಿಟಿಗೆ ಆ ಹೆಸರು. ಕಿವಿಗೆ ಮಾಡುವಾಗ ಅದು 'ಎಚ್‌ಆರ್‌ಸಿಟಿ ಟೆಂಪೊರಲ್ ಬೋನ್', ಸ್ಲೈಸ್ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಇಂಜೆಕ್ಷನ್ ಬಣ್ಣ ಬೇಕಿಲ್ಲ. ಸ್ಕ್ಯಾನ್ ಸೆಂಟರಿನಲ್ಲಿ ಚೀಟಿ ಸರಿಯಾಗಿ ಓದದೆ ಮಾಮೂಲಿ 'ಸಿಟಿ ಬ್ರೈನ್' ಮಾಡಿ ಕಳಿಸುವುದನ್ನು ಹಲವು ಸಲ ನೋಡಿದ್ದೇನೆ. 5 ಮಿಲಿಮೀಟರ್ ಸ್ಲೈಸ್‌ನಲ್ಲಿ ಕಿವಿಯ ಪುಟ್ಟ ಮೂಳೆಗಳನ್ನು ಹುಡುಕುವುದು ಜಾಳುಬಲೆಯಲ್ಲಿ ಇರುವೆ ಹಿಡಿದ ಹಾಗೆ. ನಿಮ್ಮದು ಸರಿಯಾದ ಸ್ಕ್ಯಾನೇ, ರಿಪೋರ್ಟ್‌ನಲ್ಲಿ ಇಷ್ಟು ಸಣ್ಣ ವಿವರ ಬಂದಿರುವುದೇ ಗುರುತು. ವಿಕಿರಣದ ವಿಚಾರ ಕೇಳುವವರಿಗೆ: ಈ ಸ್ಕ್ಯಾನ್‌ನದು ಸುಮಾರು 1 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ತಗಲುವುದೇ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4. ಒಂದು ಸಲಕ್ಕೆ ಚಿಂತೆ ಬೇಡ. ವರ್ಷ ವರ್ಷ 'ಚೆಕ್' ಮಾಡಿಸಲು ಮಾತ್ರ ಸಿಟಿ ಬೇಡ.

ಈಗ ರಿಪೋರ್ಟ್‌ಗೆ ಬರೋಣ.

'ಸಾಫ್ಟ್ ಟಿಶ್ಯೂ ಡೆನ್ಸಿಟಿ' ಅಂದರೆ ಮೂಳೆಯೂ ಅಲ್ಲದ, ಗಾಳಿಯೂ ಅಲ್ಲದ ಏನೋ ಒಂದು ಇದೆ ಅಂತ. ಅದಕ್ಕಿಂತ ಹೆಚ್ಚೇನೂ ಅದು ಹೇಳುವುದಿಲ್ಲ. ಸಿಟಿ ಪ್ರತಿಯೊಂದು ಚುಕ್ಕೆಗೂ ಒಂದು ಸಾಂದ್ರತೆಯ ಅಂಕಿ ಕೊಡುತ್ತದೆ. ಯಂತ್ರವನ್ನು ಕಟ್ಟಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಹೆಸರಿನ ಅಳತೆ ಅದು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು, 1979ರಲ್ಲಿ ಅವರಿಗೆ ನೊಬೆಲ್ ಬಂತು. ಗಾಳಿಗೆ ಮೈನಸ್ 1000, ನೀರಿಗೆ 0, ಗಟ್ಟಿ ಮೂಳೆಗೆ 1000ಕ್ಕೂ ಮೇಲೆ. ಕೊಲೆಸ್ಟಿಯಟೋಮಾ, ಕೀವು, ಊದಿದ ಒಳಪೊರೆ, ಕೆಂಪು ಮಾಂಸದಂಥ ಗ್ರಾನ್ಯುಲೇಷನ್, ಇವೆಲ್ಲವೂ ನೀರಿಗಿಂತ ಸ್ವಲ್ಪ ಮೇಲೆ, ಒಂದರ ಪಕ್ಕ ಒಂದು. ಪರದೆಯ ಮೇಲೆ ಎಲ್ಲವೂ ಒಂದೇ ಬೂದಿ ಬಣ್ಣ. ಹಾಗಾಗಿ ಆ ಬೂದಿಯಲ್ಲಿ ಎಷ್ಟು ಪಾಲು ರೋಗ, ಎಷ್ಟು ಪಾಲು ಬರೀ ಕೀವು ಅಂತ ಸಿಟಿ ಹೇಳಲಾರದು. ಇದೇ ಕಾರಣಕ್ಕೆ ತುರ್ತು ಇಲ್ಲದಿದ್ದರೆ ಕಿವಿಯನ್ನು ಕೆಲವು ವಾರ ಸ್ವಚ್ಛ ಮಾಡಿ, ಡ್ರಾಪ್ಸ್ ಹಾಕಿ, ಆದಷ್ಟು ಒಣಗಿಸಿ ಆಮೇಲೆ ಸ್ಕ್ಯಾನ್ ಮಾಡಿಸುವುದು ನನ್ನ ಪದ್ಧತಿ. ತುಂಬಿ ಹರಿಯುವ ಕಿವಿಯ ಸ್ಕ್ಯಾನ್‌ನಲ್ಲಿ ಎಲ್ಲವೂ ಬೂದಿ. (ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡು ಬರುವವರು ಈಗಲೂ ಇದ್ದಾರೆ. ತೂತು ಬಿದ್ದ ತಮಟೆಯ ಕಿವಿಗೆ ಎಣ್ಣೆ ಬೇಡವೇ ಬೇಡ.) ಇದರ ತಿರುಗುಮುರುಗು ಮಾತ್ರ ಗಟ್ಟಿ ಮಾತು: ನಡುಗಿವಿಯೂ ಮಾಸ್ಟಾಯ್ಡೂ ಗಾಳಿಯಿಂದ ಕಪ್ಪಗೆ ತುಂಬಿ, ಎಲ್ಲೂ ಬೂದಿ ಇಲ್ಲ ಅಂದರೆ, ಹೇಳಿಕೊಳ್ಳುವಂಥ ಕೊಲೆಸ್ಟಿಯಟೋಮಾ ಇರುವ ಸಂಭವ ತೀರಾ ಕಡಿಮೆ.

ಹಾಗಾದರೆ ನಿಮ್ಮ ತಮ್ಮನ ವಿಷಯದಲ್ಲಿ ಸಿಟಿ ರೋಗದ ಕಡೆ ಬೆರಳು ತೋರಿಸುವುದು ಎಲ್ಲಿ? 'ಸ್ಕ್ಯೂಟಮ್ ಸವೆದಿದೆ' ಅನ್ನುವ ಆ ಎರಡು ಪದಗಳಲ್ಲಿ. ಕಿವಿಯ ಕೊಳವೆ ತಮಟೆಗೆ ಸೇರುವ ಕಡೆ, ಮೇಲುಗಡೆ, ಮನೆಯ ಸೂರಿನಂಚಿನ ಹಾಗೆ ಚೂಪಾಗಿ ಇಳಿದಿರುವ ಮೂಳೆ ಅದು. ಮೇಲಿನ ಕೋಣೆಗೆ, ಅಂದರೆ ಆಟಿಕ್‌ಗೆ (ಆಂಟ್ರಮ್ ಅದರ ಹಿಂದಿನ ಕೋಣೆ), ನುಗ್ಗುವ ಚೀಲ ಮೊದಲು ತಿನ್ನುವುದು ಆ ಅಂಚನ್ನೇ. ಮುಂದಿನಿಂದ ಕತ್ತರಿಸಿದಂತೆ ತೋರಿಸುವ ಕೊರೋನಲ್ ಚಿತ್ರದಲ್ಲಿ ಆರೋಗ್ಯದ ಕಿವಿಯ ಸ್ಕ್ಯೂಟಮ್ ಪೆನ್ಸಿಲ್ ಮೊನೆಯಂತಿರುತ್ತದೆ, ಸವೆದದ್ದು ಮೊಂಡಾಗಿರುತ್ತದೆ. ಎರಡೂ ಕಿವಿ ಒಂದೇ ಚಿತ್ರದಲ್ಲಿ ಬರುವುದರಿಂದ ಬಲಗಿವಿಯ ಜೊತೆ ಹೋಲಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ. ಜಾಗ ಆಟಿಕ್, ಬೂದಿ ಬಣ್ಣ, ಜೊತೆಗೆ ಸವೆದ ಮೂಳೆ, ಮೈಕ್ರೋಸ್ಕೋಪ್‌ನಲ್ಲಿ ಬಿಳಿ ಪೊರೆ. ಈ ನಾಲ್ಕು ಕೂಡಿದ ಮೇಲೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಇನ್ನು ಇಂಕಸ್. ನಡುಗಿವಿಯಲ್ಲಿ ಮೂರು ಪುಟ್ಟ ಮೂಳೆಗಳು ಸರಪಳಿಯಂತೆ ಜೋಡಿಕೊಂಡಿವೆ: ಸುತ್ತಿಗೆ, ಅಡಿಗಲ್ಲು (ಇದೇ ಇಂಕಸ್), ರಿಕಾಪು. ಸಿಟಿಯಲ್ಲಿ ಸುತ್ತಿಗೆಯ ತಲೆ ಮತ್ತು ಅಡಿಗಲ್ಲಿನ ದೇಹ ಸೇರಿ ಕೋನ್ ಐಸ್‌ಕ್ರೀಮ್ ಥರ ಕಾಣುತ್ತವೆ. ಪಿಜಿ ವಿದ್ಯಾರ್ಥಿಗಳಿಗೆ ನಾವು ಮೊದಲು ಹುಡುಕಿಸುವುದೇ ಅದನ್ನು. ಅಡಿಗಲ್ಲಿನ ಉದ್ದ ಕಾಲಿಗೆ ರಕ್ತ ಪೂರೈಕೆ ಬಡವಾದದ್ದು, ಆದ್ದರಿಂದ ರೋಗ ಬಂದರೆ ಮೊದಲು ಕರಗುವುದು ಸಾಮಾನ್ಯವಾಗಿ ಅದೇ. ನಿಮ್ಮ ತಮ್ಮನ ಕಿವಿಯಲ್ಲಿ ಆಗಿರುವುದೂ ಅದೇ.

ಈಗ ಅಪ್ಪನ ಪ್ರಶ್ನೆಯ ಉಳಿದರ್ಧ. ಸರಪಳಿಯ ನಡುವಿನ ಕೊಂಡಿ ಕಡಿದುಹೋಗಿದೆ ಅಂತ ಸಿಟಿ ಹೇಳುತ್ತಿದೆ, ಆದರೂ ನಷ್ಟ 30 ಡೆಸಿಬಲ್ ಮಾತ್ರ. ಕೊಂಡಿ ಪೂರ್ತಿ ಬಿಟ್ಟರೆ ಇದರ ಎರಡರಷ್ಟು ನಷ್ಟವೂ ಆಗಬಹುದಿತ್ತು. ಹಾಗಾದರೆ ಶಬ್ದವನ್ನು ರಿಕಾಪಿಗೆ ಮುಟ್ಟಿಸುತ್ತಿರುವವರು ಯಾರು? ಬಹುಶಃ ಆ ರೋಗದ ಚೀಲವೇ. ಕಡಿದ ಕೊಂಡಿಯ ಜಾಗದಲ್ಲಿ ಅದೇ ಕೂತು ಸೇತುವೆಯಾಗಿದೆ. ಕಂಬ ತಿಂದ ಗೆದ್ದಲ ಹುತ್ತವೇ ಮಾಡನ್ನು ಹೊತ್ತು ನಿಂತ ಹಾಗೆ. ಚೀಲ ತೆಗೆದ ಮೇಲೆ ಸೇತುವೆಯೂ ಹೋಗುತ್ತದೆ. ಅಂದರೆ ಆಪರೇಷನ್ ಆದಮೇಲೆ ಈಗಿಗಿಂತ ಕಡಿಮೆ ಕೇಳಿಸಬಹುದು. ಅದನ್ನು ಆಗಲೇ, ಅಥವಾ ಇನ್ನೊಂದು ಹಂತದಲ್ಲಿ, ಮೃದ್ವಸ್ಥಿಯಿಂದಲೋ ಟೈಟಾನಿಯಂನ ಪುಟ್ಟ ಮೂಳೆಯಿಂದಲೋ ಸರಿಪಡಿಸಲು ಪ್ರಯತ್ನಿಸುತ್ತಾರೆ. ರಿಕಾಪಿನ ಕಮಾನು ಉಳಿದಿದೆಯೇ ಎಂಬುದರ ಮೇಲೆ ಫಲ ನಿಂತಿದೆ, ಸುತ್ತ ಬೂದಿ ತುಂಬಿದಾಗ ಸಿಟಿ ಅದನ್ನು ನಂಬಿಕೆಯಿಂದ ಹೇಳಲಾರದು. ಈ ಮಾತನ್ನು ಆಪರೇಷನ್‌ಗೆ ಮುಂಚೆ ಅಪ್ಪನ ಕಿವಿಗೆ ಹಾಕಿಡಿ. "ಹೋಗುವಾಗ ಕೇಳುತ್ತಿತ್ತು, ಬಂದಮೇಲೆ ಕಿವುಡಾಯಿತು" ಅನ್ನುವ ಜಗಳ ನಮ್ಮಲ್ಲಿ ಹೆಚ್ಚಾಗಿ ಹುಟ್ಟುವುದು ಇಲ್ಲೇ.

'ಲ್ಯಾಟರಲ್ ಕೆನಾಲ್ ಮೇಲಿನ ಮೂಳೆ ತೆಳುವಾಗಿದೆ' ಅನ್ನುವುದನ್ನು ನಾನಾದರೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಡುತ್ತೇನೆ. ಸಮತೋಲನದ ಮೂರು ಅರ್ಧವರ್ತುಲ ನಾಳಗಳಲ್ಲಿ ಒಂದು ಅದು, ಚೀಲದ ದಾರಿಗೆ ಸರಿಯಾಗಿ ಅಡ್ಡ ಬರುತ್ತದೆ. ಅದರ ಮೇಲಿನ ಮೂಳೆ ಪೂರಾ ಕರಗಿದರೆ ಅದಕ್ಕೆ ಫಿಸ್ಟುಲಾ ಅನ್ನುತ್ತೇವೆ. ಕೊಲೆಸ್ಟಿಯಟೋಮಾ ಇರುವ ಕಿವಿಗಳಲ್ಲಿ ಶೇ 5ರಿಂದ 10ರಷ್ಟರಲ್ಲಿ ಇದು ಸಿಗುತ್ತದೆ. ಗೊತ್ತಿಲ್ಲದೆ ಆ ಜಾಗದಲ್ಲಿ ಚೀಲವನ್ನು ಎಳೆದರೆ, ಸಕ್ಷನ್ ಇಟ್ಟರೆ, ಒಳಗಿವಿಯ ದ್ರವವೇ ಹೀರಿಹೋಗಿ ಕಿವಿ ಶಾಶ್ವತವಾಗಿ ಕಿವುಡಾಗಬಹುದು. ಮುಂಚೆ ಗೊತ್ತಿದ್ದರೆ ಸರ್ಜನ್ ಬೇರೆಲ್ಲ ಕೆಲಸ ಮುಗಿಸಿ, ಆ ಜಾಗದ ಪೊರೆಯನ್ನು ಕಟ್ಟಕಡೆಗೆ, ಸಕ್ಷನ್ ದೂರವಿಟ್ಟು ಬಿಡಿಸಿ ತಕ್ಷಣ ಮುಚ್ಚುತ್ತಾರೆ. ಕೆಲವು ಸಲ ಪೊರೆಯನ್ನು ಅಲ್ಲೇ ಬಿಡುವುದೂ ಉಂಟು. ನೀವು ಮಾಡಬೇಕಾದ ಕೆಲಸವೊಂದಿದೆ. ಕಿವಿಗೆ ಬೆರಳು ಒತ್ತಿದಾಗ, ಜೋರಾಗಿ ಮೂಗು ಸೀಟಿದಾಗ, ದೊಡ್ಡ ಶಬ್ದ ಕೇಳಿದಾಗ ತಲೆ ಸುತ್ತುತ್ತದೆಯೇ ಅಂತ ತಮ್ಮನನ್ನು ಕೇಳಿ. ಹೌದು ಅಂದರೆ ಡಾಕ್ಟರಿಗೆ ಹೇಳಿ. ಇಲ್ಲ ಅಂದರೂ ಫಿಸ್ಟುಲಾ ಇಲ್ಲವೆಂದು ಖಾತ್ರಿಯಾಗುವುದಿಲ್ಲ, ರಿಪೋರ್ಟ್‌ನ ಆ ಸಾಲನ್ನು ಅವರು ಗಮನಿಸಿದ್ದಾರೆಯೇ ಅಂತ ಕೇಳಲು ಸಂಕೋಚ ಬೇಡ.

ಮುಖದ ನರದ ಮಾತು ಬೇರೆ. 'ಫೇಶಿಯಲ್ ಕೆನಾಲ್ ತೆರೆದಿರಬಹುದು' ಅಂತ ಓದಿ ಬಾಯಿ ಸೊಟ್ಟಗಾಗುತ್ತದೆ ಅಂತ ಹೆದರಿ ಆಪರೇಷನ್ ಬಿಟ್ಟುಹೋದವರನ್ನು ಕಂಡಿದ್ದೇನೆ. ನಡುಗಿವಿಯೊಳಗೆ ಆ ನರದ ಮೇಲಿನ ಮೂಳೆ ಹೊದಿಕೆ ಮೊಟ್ಟೆ ಸಿಪ್ಪೆಗಿಂತ ತೆಳು. ಸತ್ತವರ ಕಿವಿಮೂಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಅಧ್ಯಯನಗಳಲ್ಲಿ, ಯಾವ ರೋಗವೂ ಇಲ್ಲದ ಕಿವಿಗಳಲ್ಲೂ ಸುಮಾರು ಅರ್ಧದಷ್ಟರಲ್ಲಿ ಎಲ್ಲೋ ಒಂದು ಕಡೆ ಅದು ಹುಟ್ಟಿನಿಂದಲೇ ತೆರೆದಿರುತ್ತದೆ. ಅದು ಸಾಲದು ಅಂತ ಸಿಟಿಗೂ ಒಂದು ದೌರ್ಬಲ್ಯ: ಮೂಳೆ ಸ್ಲೈಸ್‌ಗಿಂತ ತೆಳುವಾಗಿದ್ದರೆ ಕಂಪ್ಯೂಟರ್ ಅದನ್ನು ಪಕ್ಕದ ಮೃದು ಭಾಗದೊಡನೆ ಬೆರೆಸಿ ಸರಾಸರಿ ತೆಗೆಯುತ್ತದೆ, ಇರುವ ಮೂಳೆಯೂ ಇಲ್ಲದಂತೆ ಕಾಣುತ್ತದೆ. ಹಾಗಾಗಿ ಈ ಸಾಲಿನ ಅರ್ಥ 'ಎಚ್ಚರ' ಅಂತ ಮಾತ್ರ. ಒಳ್ಳೆಯ ಸರ್ಜನ್ ರಿಪೋರ್ಟ್‌ನಲ್ಲಿ ಏನೇ ಬರೆದಿರಲಿ, ನರ ಬರಿಮೈಯಲ್ಲಿದೆ ಅಂತಲೇ ಭಾವಿಸಿ ಕೈ ಆಡಿಸುತ್ತಾರೆ. ನರದ ಹತ್ತಿರ ಹೋದಾಗ ಎಚ್ಚರಿಸುವ ಯಂತ್ರ, ನರ್ವ್ ಮಾನಿಟರ್, ಇದ್ದರೆ ಒಳ್ಳೆಯದು. ಅದಿಲ್ಲದ ಕಡೆಯೂ ಅನುಭವಸ್ಥರು ಸುರಕ್ಷಿತವಾಗಿ ಮಾಡುತ್ತಾರೆ.

ರಿಪೋರ್ಟ್‌ನಲ್ಲಿ ಮಿದುಳಿನ ಕಡೆಯ ಚಾವಣಿ, ಅಂದರೆ ಟೆಗ್ಮೆನ್, ಒಡೆದಿದೆ ಅಂತ ನೀವು ಬರೆದಿಲ್ಲ. ಒಳ್ಳೆಯದಾಯಿತು, ಅದೊಂದು ಇದ್ದಿದ್ದರೆ ನನ್ನ ಮುಂದಿನ ಮಾತು ಬದಲಾಗುತ್ತಿತ್ತು.

ಏಕೆಂದರೆ ಮುಂದಿನ ಮಾತು ಎಂಆರ್‌ಐ. 'ಎಂಆರ್‌ಐ ಜೊತೆ ಹೋಲಿಸಿ' ಅನ್ನುವುದು ರೇಡಿಯಾಲಜಿಸ್ಟರು ವಾಡಿಕೆಯಂತೆ ಸೇರಿಸುವ ಸಾಲು. ಮೊದಲ ಆಪರೇಷನ್‌ಗೆ ಮುಂಚೆ, ಮೈಕ್ರೋಸ್ಕೋಪ್‌ನಲ್ಲಿ ರೋಗ ಕಣ್ಣಿಗೆ ಕಾಣುತ್ತಿರುವಾಗ, ನಿಮ್ಮ ತಮ್ಮನಿಗೆ ಅದು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಂಆರ್‌ಐಯಲ್ಲಿ ಮೂಳೆಯೂ ಕಪ್ಪು, ಗಾಳಿಯೂ ಕಪ್ಪು. ಸರ್ಜನ್‌ಗೆ ಬೇಕಾದ ಗೋಡೆ, ಸೂರು, ಕೊಂಡಿ ಯಾವುದೂ ಅದರಲ್ಲಿ ಕಾಣುವುದಿಲ್ಲ. ಆದರೆ ಸಿಟಿ ಸೋತ ಕಡೆ ಅದು ಗೆಲ್ಲುತ್ತದೆ. ಡಿಫ್ಯೂಷನ್ ಅನ್ನುವ ವಿಧಾನದಲ್ಲಿ ನೀರಿನ ಅಣುಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಅಂತ ನೋಡುತ್ತಾರೆ. ಒತ್ತೊತ್ತಾಗಿ ಪೇರಿಸಿದ ಸತ್ತ ಚರ್ಮದ ಪದರಗಳ ನಡುವೆ ನೀರು ಅಲ್ಲಾಡಲಾರದು, ಕೊಲೆಸ್ಟಿಯಟೋಮಾ ಬಲ್ಬಿನ ಹಾಗೆ ಬೆಳಗುತ್ತದೆ. ಗ್ರಾನ್ಯುಲೇಷನ್, ಊತ ಹಾಗೆ ಬೆಳಗುವುದಿಲ್ಲ. ಮಾಡಿಸುವ ಸಂದರ್ಭ ಬಂದರೆ ಚೀಟಿಯಲ್ಲಿ 'ನಾನ್-ಇಪಿಐ ಡಿಫ್ಯೂಷನ್' ಅಂತ ಬರೆಸಿಕೊಳ್ಳಿ. ಮಿದುಳಿಗೆ ಮಾಡುವ ಮಾಮೂಲಿ ಡಿಫ್ಯೂಷನ್ ಕಿವಿಯ ಗಾಳಿ-ಮೂಳೆಯ ಗಡಿಯಲ್ಲಿ ಚಿತ್ರ ಕಲಸಿ, 5 ಮಿಲಿಮೀಟರಿಗಿಂತ ಚಿಕ್ಕದನ್ನು ಬಿಟ್ಟುಬಿಡುತ್ತದೆ. ನಾನ್-ಇಪಿಐ 2-3 ಮಿಲಿಮೀಟರಿನದನ್ನೂ ಹಿಡಿಯುತ್ತದೆ. ಅದೂ ಎಡವುತ್ತದೆ, ಬಿಡಿ: ಕಿವಿಯ ಗುಗ್ಗೆ ಮತ್ತು ಕೀವಿನ ಗೂಡು ಸುಳ್ಳೇ ಬೆಳಗಬಹುದು. ಹಿಂದಿನ ದಿನವಷ್ಟೇ ಓಪಿಡಿಯಲ್ಲಿ ಹೀರಿ ಖಾಲಿ ಮಾಡಿದ ಚೀಲ ಬೆಳಗದೆಯೂ ಇರಬಹುದು.

ಮೊದಲ ಆಪರೇಷನ್‌ಗೆ ಮುಂಚೆಯೇ ಎಂಆರ್‌ಐ ಬೇಕಾಗುವ ಸಂದರ್ಭಗಳೂ ಇವೆ. ಟೆಗ್ಮೆನ್ ಒಡೆದು, ಕೆಳಗೆ ಇಳಿದಿರುವುದು ರೋಗವೋ ಮಿದುಳಿನ ಪೊರೆಯೋ ತಿಳಿಯದಿದ್ದಾಗ. ತಮಟೆಯ ಹಿಂದೆ ಕೆಂಪಗೆ ಮಿಡಿಯುವ ಏನೋ ಕಂಡಾಗ. ಅದು ರಕ್ತನಾಳದ ಗಡ್ಡೆ ಇರಬಹುದು, ಸ್ಕ್ಯಾನ್ ಆಗದೆ ಅದರಿಂದ ತುಣುಕು ತೆಗೆಯಲು ಯಾರಿಗೂ ಬಿಡಬೇಡಿ. ಮತ್ತು ತೊಡಕು ಶುರುವಾದಾಗ: ಜ್ವರದೊಡನೆ ಜೋರು ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ಮಂಕು, ಕಿವಿಯ ಹಿಂದೆ ಬಾವು, ಮುಖ ಒಂದು ಕಡೆಗೆ ವಾಲುವುದು, ನಿಲ್ಲದ ತಲೆಸುತ್ತು. ಇವುಗಳಲ್ಲಿ ಒಂದು ಕಂಡರೂ ಓಪಿಡಿ ದಿನ ಕಾಯಬೇಡಿ, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೊರಡಿ. ಮಿದುಳಿನಲ್ಲಿ ಕೀವು ಅಥವಾ ಸಿರೆಯಲ್ಲಿ ಹೆಪ್ಪು ಇದೆಯೇ ಅಂತ ನೋಡಲು ಆಗ ಬೇಕಾಗುವುದು ಕಾಂಟ್ರಾಸ್ಟ್, ಅಂದರೆ ಇಂಜೆಕ್ಷನ್ ಬಣ್ಣ, ಹಾಕಿದ ಸ್ಕ್ಯಾನ್.

ಇನ್ನು ನೀವು ಮಾಡಬೇಕಾದ್ದು. ಸರ್ಜನ್ ಹತ್ತಿರ ಹೋಗುವಾಗ ರಿಪೋರ್ಟ್ ಕಾಗದ ಸಾಲದು, ಸ್ಕ್ಯಾನ್ ಸೆಂಟರಿನಿಂದ ಸಿಡಿ ಕೇಳಿ ಪಡೆದು ಒಯ್ಯಿರಿ. ಫಿಲ್ಮನ್ನು ಟ್ಯೂಬ್‌ಲೈಟ್‌ಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ಅದರಿಂದ ಅಭಿಪ್ರಾಯ ಹೇಳಲು ಆಗುವುದಿಲ್ಲ. ನನಗೆ ದಿನಕ್ಕೆ ನಾಲ್ಕಾದರೂ ಬರುತ್ತವೆ. ಫಿಲ್ಮ್‌ನಲ್ಲಿ ಇರುವುದು ಆಯ್ದ ಕೆಲವು ಚಿತ್ರ ಮಾತ್ರ, ಸಿಡಿಯಲ್ಲಿ ನೂರಾರು ಇರುತ್ತವೆ, ಸರ್ಜನ್ ಒಂದೊಂದಾಗಿ ಸರಿಸುತ್ತಾ ಕಿವಿಯೊಳಗೆ ನಡೆದು ನೋಡುತ್ತಾರೆ. ಅವರು ಕಂಪ್ಯೂಟರ್ ಪರದೆಯಲ್ಲಿ ಚಿತ್ರ ನೋಡಿ ನಿಮಗೂ ತೋರಿಸಿದರೆ ಅದೊಂದು ಒಳ್ಳೆಯ ಲಕ್ಷಣ. ಕಿವಿ ಕೊಳವೆಯ ಹಿಂಗೋಡೆಯನ್ನು ಉಳಿಸುತ್ತೀರಾ, ತೆಗೆಯುತ್ತೀರಾ ಅಂತ ಕೇಳಿ. ಇದಕ್ಕೆ ಒಂದೇ ಸರಿಯುತ್ತರ ಇಲ್ಲ. ಸಿಟಿಯಲ್ಲಿ ಮಾಸ್ಟಾಯ್ಡ್ ಗಾಳಿಗೂಡಿಲ್ಲದೆ ಕಲ್ಲಿನಂತೆ ಕಿರಿದಾಗಿದ್ದು, ಮೇಲಿಂದ ಮಿದುಳಿನ ಪೊರೆ ಕೆಳಗಿಳಿದಿದ್ದರೆ, ಗೋಡೆ ತೆಗೆಯುವುದೇ ಹಲವರಿಗೆ ಸರಿ ಕಾಣುತ್ತದೆ. ಬಾಲ್ಯದಿಂದ ಸೋರುವ ಕಿವಿಗಳಲ್ಲಿ ಹಾಗಿರುವುದೇ ಹೆಚ್ಚು.

ಗೋಡೆ ತೆಗೆದರೆ ಒಳಗೆಲ್ಲ ತೆರೆದ ಕೋಣೆ, ರೋಗ ಮರಳಿದರೆ ಓಪಿಡಿಯಲ್ಲೇ ಕಾಣುತ್ತದೆ, ಆದರೆ ಆಗಾಗ ಸ್ವಚ್ಛ ಮಾಡಿಸಿಕೊಳ್ಳಲು ಬರುತ್ತಿರಬೇಕು. ಗೋಡೆ ಉಳಿಸಿದರೆ ತಮಟೆಯ ಹಿಂದೆ ಏನು ಬೆಳೆಯುತ್ತಿದೆ ಅಂತ ಹೊರಗಿನಿಂದ ತಿಳಿಯದು. ಮೊದಲೆಲ್ಲ ಅದಕ್ಕಾಗಿಯೇ ವರ್ಷದೊಳಗೆ ಇನ್ನೊಮ್ಮೆ ಕಿವಿ ತೆರೆದು ನೋಡುತ್ತಿದ್ದೆವು. ಈಗ ಹಲವರಿಗೆ ಆ ಎರಡನೇ ಆಪರೇಷನ್ ತಪ್ಪಿಸುವುದು ಮೇಲೆ ಹೇಳಿದ ನಾನ್-ಇಪಿಐ ಎಂಆರ್‌ಐಯೇ: ಆಪರೇಷನ್ ಆಗಿ ಸುಮಾರು ಒಂದು ವರ್ಷವಾದಾಗ ಒಮ್ಮೆ, ಆಮೇಲೆ ಕೆಲವು ವರ್ಷ ಬಿಟ್ಟು ಮತ್ತೆ. ಎಂಆರ್‌ಐಗೆ ಈಗ ಹಣ ಖರ್ಚು ಮಾಡಬೇಡಿ, ಆಗ ಅದು ಬೇಕಾಗಬಹುದು. ಈಗಿನ ಸಿಟಿಯ ಸಿಡಿಯನ್ನೂ ಎಸೆಯಬೇಡಿ, ಶ್ರವಣ ಪರೀಕ್ಷೆಯ ಹಾಳೆಯ ಜೊತೆ ಒಂದೇ ಕವರಿನಲ್ಲಿಟ್ಟು ಮೇಲೆ ಎಡಗಿವಿ ಅಂತ ದಪ್ಪಕ್ಷರದಲ್ಲಿ ಬರೆದಿಡಿ.